ಕಪಾಟಿನಲ್ಲಿ ಸತ್ತ ಬೂಟು

ಕುಮಾರಪರ್ವತ ಹತ್ತುವಾಗ ನನ್ನ ಬೂಟು ಒಂದು ಮಾತೂ ಆಡಲಿಲ್ಲ. ಇಳಿಯುವಾಗ ಬಾಯಿ ಬಿಟ್ಟಿತು.

ಶೇಷಪರ್ವತ ದಾಟಿ, ಕಲ್ಲುಮಂಟಪ ದಾಟಿ, ಹುಲ್ಲುಗುಡ್ಡದ ಏಣಿನ ಮೇಲೆ ಗಿರಿಗದ್ದೆಯ ಕಡೆಗೆ ಇಳಿಯುತ್ತಿದ್ದೆವು. ಜನವರಿ ತಿಂಗಳಾದರೂ ಬಿಸಿಲು ಚುರುಕಾಗಿತ್ತು. ಬಲಗಾಲಿನ ಹೆಜ್ಜೆ ನೆಲ ಮುಟ್ಟಲು ಕೊಂಚ ತಡಮಾಡುತ್ತಿದೆ ಅನ್ನಿಸಿತು. ಬೆನ್ನ ಹಿಂದೆ ಯಾರೋ ಚಪ್ಪಲಿ ಬಡಿಯುತ್ತ ಬರುವ ಹಾಗೆ ‘ಪಟ್, ಪಟ್’ ಸದ್ದು. ಬಗ್ಗಿ ನೋಡಿದರೆ ಬೂಟಿನ ಅಟ್ಟೆ ಹಿಮ್ಮಡಿಯಿಂದ ನಡುಗಾಲಿನವರೆಗೆ ಬಿಟ್ಟುಕೊಂಡು ಜೋತಾಡುತ್ತಿತ್ತು. ಸಂದಿಗೆ ಬೆರಳು ಹಾಕಿದೆ. ಅಟ್ಟೆಗೂ ಮೇಲಿನ ಚರ್ಮಕ್ಕೂ ನಡುವೆ ಇರಬೇಕಾದ ಮೆತ್ತನೆಯ ಪದರ ಹಳಸಿದ ಮೈಸೂರು ಪಾಕಿನಂತೆ ಪುಡಿಪುಡಿಯಾಗಿ ಉದುರಿತು. ಐದು ನಿಮಿಷದಲ್ಲಿ ಎಡಗಾಲಿನದೂ ಅದೇ ಕತೆ.

ದಾರಿ ತೋರಿಸಲು ಬಂದಿದ್ದ ಊರಿನ ಹುಡುಗ ಕೆಳಗಿನಿಂದ ತಿರುಗಿ ಹತ್ತಿ ಬಂದ. ಅವನ ಕಾಲಲ್ಲಿ ನೀಲಿ ಪಟ್ಟಿಯ ಹವಾಯಿ ಚಪ್ಪಲಿ. “ಎಂತ ಮಾರಾಯ್ರೆ, ನಿಮ್ಮ ಬೂಟು ಬಾಯಿ ಬಿಟ್ಟಿತಲ್ಲ!” ಎಂದು ನಕ್ಕು, ಕಿಸೆಯಿಂದ ಗೋಣಿದಾರದ ಉಂಡೆ ತೆಗೆದು, ಅಟ್ಟೆಯನ್ನು ಬೂಟಿಗೆ ಸೇರಿಸಿ ಅಡಿಕೆ ಹೊರೆ ಕಟ್ಟುವವನಂತೆ ನಾಲ್ಕು ಸುತ್ತು ಬಿಗಿದ. “ಎಷ್ಟು ಕೊಟ್ಟಿದ್ರಿ ಇದಕ್ಕೆ?” ಎಂದು ಕೇಳಿದ. ಹೇಳಿದೆ. ಅವನು ತನ್ನ ಚಪ್ಪಲಿಯನ್ನೊಮ್ಮೆ ನೋಡಿಕೊಂಡ, ನನ್ನ ಬೂಟನ್ನೊಮ್ಮೆ ನೋಡಿದ. ಮರ್ಯಾದಸ್ಥ, ಏನೂ ಅನ್ನಲಿಲ್ಲ.

ನನಗೆ ಬಿಡಿಸಲಾಗದ ಒಗಟೆಂದರೆ ಆ ಬೂಟು ಹಳೆಯದೇ ಅಲ್ಲ. ಅಂದರೆ, ಕೊಂಡು ಏಳು ವರ್ಷವಾಗಿತ್ತು, ಆದರೆ ಹಾಕಿದ್ದು ನಾಲ್ಕೇ ಸಲ. ಪ್ರತಿ ಸಲವೂ ಒರೆಸಿ, ಪಾಲಿಶ್ ಹಾಕಿ, ಮದುವೆ ಸೀರೆಯನ್ನು ಕಾಪಾಡುವ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಪಾಟಿನ ಮೇಲಿಟ್ಟಿದ್ದೆ. ಸವೆಯುವುದಕ್ಕೆ ನಾನು ಅವಕಾಶವನ್ನೇ ಕೊಡದ ಬೂಟು ಸತ್ತದ್ದಾದರೂ ಹೇಗೆ? ಈ ಅಧ್ಯಾಯ ಆ ಬೂಟಿನ ಮರಣೋತ್ತರ ಪರೀಕ್ಷೆ. ಪರೀಕ್ಷೆ ಮುಗಿಯುವಷ್ಟರಲ್ಲಿ ಮುಂದಿನ ಬೂಟನ್ನು ಹೇಗೆ ಆರಿಸಬೇಕೆಂಬುದೂ ತಾನಾಗಿ ಗೊತ್ತಾಗುತ್ತದೆ.

ಕಾಲು ಭಾಗ ಕಾಲಿನಲ್ಲೇ

ಮೊದಲು ಬೂಟಿನೊಳಗಿದ್ದ ಜೀವಂತ ಭಾಗವನ್ನು ನೋಡೋಣ. ಒಂದು ಪಾದದಲ್ಲಿ 26 ಮೂಳೆಗಳು, 33 ಕೀಲುಗಳು. ಮೈಯಲ್ಲಿರುವ 206 ಮೂಳೆಗಳಲ್ಲಿ 52 ಎರಡು ಪಾದಗಳಲ್ಲೇ ಸೇರಿಕೊಂಡಿವೆ. ಹೆಚ್ಚುಕಡಿಮೆ ಕಾಲು ಭಾಗ ಕಾಲಿನಲ್ಲೇ ಇದೆ! ಇಷ್ಟೊಂದು ತುಂಡುಗಳೇಕೆ? ಒಂದೇ ಹೆಜ್ಜೆಯಲ್ಲಿ ಪಾದ ಎರಡು ಬೇರೆ ಬೇರೆ ಕೆಲಸ ಮಾಡಬೇಕು. ಹಿಮ್ಮಡಿ ಊರಿದಾಗ ನೆಲದ ಉಬ್ಬುತಗ್ಗಿಗೆ ಒಗ್ಗಿ ಮೆತ್ತಗಾಗಬೇಕು. ಬೆರಳೊತ್ತಿ ಮುಂದಕ್ಕೆ ಚಿಮ್ಮುವಾಗ ಸನ್ನೆಗೋಲಿನಂತೆ ಗಟ್ಟಿಯಾಗಬೇಕು.

ಇದನ್ನು ಈಗಲೇ ನೋಡಬಹುದು. ಬರಿಗಾಲನ್ನು ನೆಲದ ಮೇಲಿಟ್ಟು ಕುಳಿತುಕೊಳ್ಳಿ. ಹೆಬ್ಬೆರಳನ್ನು ಕೈಯಿಂದ ಮೇಲಕ್ಕೆತ್ತಿ. ಅಂಗಾಲಿನ ಕಮಾನು ತಾನಾಗಿ ಮೇಲೇಳುತ್ತದೆ. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಡಿ ಒಂದು ಗಟ್ಟಿ ನಾರುಪಟ್ಟಿ ಇದೆ. ಬೆರಳು ಮೇಲಕ್ಕೆ ಮಡಚಿದಾಗ ಬಾವಿಯ ರಾಟೆಗೆ ಹಗ್ಗ ಸುತ್ತಿದ ಹಾಗೆ ಅದು ಬೆರಳ ಬುಡಕ್ಕೆ ಸುತ್ತಿ ಬಿಗಿಯುತ್ತದೆ. ಆಗ ಕಮಾನು ಗಟ್ಟಿಯಾಗುತ್ತದೆ. 1954ರಲ್ಲಿ ಬ್ರಿಟನ್ನಿನ ಹಿಕ್ಸ್ ವಿವರಿಸಿದ ಈ ವ್ಯವಸ್ಥೆ ಸರಾಗವಾಗಿ ನಡೆಯಬೇಕಾದರೆ ಬೂಟು ಬೆರಳ ಬುಡದಲ್ಲೇ ಮಡಚಬೇಕು. ಅಂಗಡಿಯಲ್ಲಿ ಬೂಟನ್ನು ಕೈಯಲ್ಲಿ ಹಿಡಿದು ಮೂತಿ ಒತ್ತಿ ನೋಡಿ. ನಡು ಭಾಗದಲ್ಲಿ ಮಡಚಿದರೆ ಅದು ಕಮಾನನ್ನು ಮುರಿಯುವ ಬೂಟು. ಎಲ್ಲೂ ಮಡಚದಿದ್ದರೆ ಅದು ಹಿಮದ ಬೆಟ್ಟಕ್ಕೆ ಸರಿ, ಬಸ್ ಸ್ಟಾಂಡಿಗಲ್ಲ.

ಪಾದರಕ್ಷೆಯಿಂದ ಪಾದಕ್ಕೆ ಆಗುವುದೆಲ್ಲ ರಕ್ಷೆಯೇ ಅಲ್ಲವೆಂದು ತೋರಿಸಿದ ಒಂದು ಮುಖ್ಯ ಅಧ್ಯಯನ ನಮ್ಮಲ್ಲೇ ನಡೆದಿದೆ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಉದಯಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತು ತೆಗೆದು 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇ. 8.6; ಬರಿಗಾಲಲ್ಲಿ ಓಡಾಡುವ ಮಕ್ಕಳಲ್ಲಿ ಶೇ. 2.8 ಮಾತ್ರ. ಅದರಲ್ಲೂ ಮುಂಭಾಗ ಮುಚ್ಚಿದ ಶೂ ಹಾಕುವವರಲ್ಲಿ ಹೆಚ್ಚು, ತೆರೆದ ಚಪ್ಪಲಿಯವರಲ್ಲಿ ಕಡಿಮೆ. ಬೆಳೆಯುವ ಪಾದಕ್ಕೆ ಬೇಕಾದದ್ದು ಆಸರೆಗಿಂತ ಹೆಚ್ಚಾಗಿ ವ್ಯಾಯಾಮ ಎಂಬುದು ಇದರ ಒಳದನಿ.

ಹವಾಯಿ ಚಪ್ಪಲಿಯ ಹುಡುಗನ ಗುಟ್ಟೂ ಇಲ್ಲೇ ಇದೆ. ಅವನ ಅಂಗಾಲು ಇಪ್ಪತ್ತು ವರ್ಷ ಕಲ್ಲುಮುಳ್ಳು ತುಳಿದು ದಪ್ಪಗಟ್ಟಿದೆ. ದಪ್ಪ ಚರ್ಮವೆಂದರೆ ಮೊಂಡು ಚರ್ಮ ಎಂದು ನಾವು ತಿಳಿಯುತ್ತೇವೆ. ಆದರೆ ಕೀನ್ಯಾ ಮತ್ತು ಅಮೆರಿಕದ ಜನರ ಪಾದಗಳನ್ನು ಹೋಲಿಸಿ 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಬರಿಗಾಲಿನವರ ದಪ್ಪ ಅಂಗಾಲು ನೆಲದ ಸ್ಪರ್ಶವನ್ನು ಕಳೆದುಕೊಂಡಿರುವುದಿಲ್ಲ. ಗಟ್ಟಿಯಾದ ಚರ್ಮ ಒತ್ತಡವನ್ನು ಒಳಗಿನ ನರಗಳಿಗೆ ಹಾಗೇ ದಾಟಿಸುತ್ತದೆ. ಮೆತ್ತನೆಯ ಶೂ ಅಟ್ಟೆ ಮಾತ್ರ ಸುದ್ದಿಯನ್ನು ನಡುವೆಯೇ ನುಂಗಿಬಿಡುತ್ತದೆ.

ಹಾಗಾದರೆ ಬೂಟೇ ಬೇಡವೇ? ಬೇಕು. ನನ್ನ ಪಾದ ಶಾಲೆಯ ಕಪ್ಪು ಶೂಗಳಲ್ಲಿ ಬೆಳೆದದ್ದು. ಬೆನ್ನ ಮೇಲೆ ಹತ್ತು ಕೆಜಿ ಚೀಲ ಬೇರೆ. ಹುಡುಗನ ಅಂಗಾಲು ಅವನ ಸ್ವಂತ ಗಳಿಕೆ. ಬೂಟು ನನ್ನಂಥವರು ಸಾಲವಾಗಿ ತಂದುಕೊಂಡ ಚರ್ಮ. ಸಾಲ ಮಾಡುವಾಗ ಷರತ್ತುಗಳನ್ನು ಓದಿಕೊಳ್ಳಬೇಕು, ಅಷ್ಟೇ.

ಬೂಟು ಕಚ್ಚುವುದು ಹೇಗೆ

ಹೊಸ ಚಪ್ಪಲಿ ‘ಕಚ್ಚಿತು’ ಎನ್ನುತ್ತೇವೆ. ಉಜ್ಜಿ ಉಜ್ಜಿ ಚರ್ಮ ಸುಲಿಯುತ್ತದೆ, ಗುಳ್ಳೆ ಏಳುತ್ತದೆ ಎಂದುಕೊಳ್ಳುತ್ತೇವೆ. ನಿಜವಾಗಿ ನಡೆಯುವುದು ಬೇರೆ. ಬಲಗೈ ಬೆರಳನ್ನು ಎಡ ಅಂಗೈಯ ಹಿಂಬದಿಗೆ ಒತ್ತಿ ಹಿಡಿದು, ಜಾರಲು ಬಿಡದೆ ಅತ್ತಿತ್ತ ಸರಿಸಿ. ಚರ್ಮ ಬೆರಳಿಗಂಟಿಕೊಂಡೇ ಸರಿಯುತ್ತದೆ, ಕೆಳಗಿನ ಮೂಳೆ ಇದ್ದಲ್ಲೇ ಇರುತ್ತದೆ. ಬೂಟಿನಲ್ಲಿ ಇದು ತಿರುವುಮುರುವು. ಚರ್ಮ ಕಾಲುಚೀಲಕ್ಕೆ ಅಂಟಿ ನಿಂತಿರುತ್ತದೆ, ಒಳಗಿನ ಹಿಮ್ಮಡಿ ಮೂಳೆ ಹೆಜ್ಜೆಹೆಜ್ಜೆಗೂ ಮೇಲೆ ಕೆಳಗೆ ಆಡುತ್ತದೆ. ನಡುವಿನ ಪದರಗಳು ಸಾವಿರಾರು ಸಲ ಎಳೆದಾಡಿಸಿಕೊಂಡು ಕೊನೆಗೆ ಹೊರಚರ್ಮದ ನಡುಪದರದಲ್ಲಿ ಬಿರುಕು ಬಿಡುತ್ತವೆ. ಆ ಬಿರುಕಿಗೆ ದ್ರವ ತುಂಬಿಕೊಂಡರೆ ಗುಳ್ಳೆ. ಅಂದರೆ ಗುಳ್ಳೆ ಹುಟ್ಟುವುದು ಮೇಲಿನ ಉಜ್ಜಾಟದಿಂದಲ್ಲ, ಒಳಗಿನ ಜಗ್ಗಾಟದಿಂದ.

ಇದು ಗೊತ್ತಾದರೆ ಉಪಾಯಗಳೂ ಅರ್ಥವಾಗುತ್ತವೆ. ಬೆವರಿನಿಂದ ತೇವವಾದ ಚರ್ಮ ಒಣ ಚರ್ಮಕ್ಕಿಂತ ಹೆಚ್ಚು ಅಂಟುತ್ತದೆ, ಜಗ್ಗಾಟ ಹೆಚ್ಚುತ್ತದೆ. ಹತ್ತಿಯ ಕಾಲುಚೀಲ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ ದೂರದ ನಡಿಗೆಗೆ ಅದು ಶತ್ರು. ಉಣ್ಣೆಯ ಎಳೆ ತನ್ನ ತೂಕದ ಶೇ. 30ರಷ್ಟು ತೇವ ಹೀರಿದರೂ ಒದ್ದೆ ಅನ್ನಿಸುವುದಿಲ್ಲ. ತೆಳು ಚೀಲದ ಮೇಲೊಂದು ದಪ್ಪ ಚೀಲ ಹಾಕಿದರೆ ಜಾರಾಟ ಎರಡು ಬಟ್ಟೆಗಳ ನಡುವೆ ನಡೆದುಹೋಗುತ್ತದೆ, ಚರ್ಮ ಬಚಾವಾಗುತ್ತದೆ.

ಎಲ್ಲಕ್ಕಿಂತ ಮುಖ್ಯ ಅಳತೆ. ಬೂಟಿನ ನಂಬರು ಎಂಬುದು ನಂಬಲರ್ಹವಾದ ಸಂಖ್ಯೆಯೇನಲ್ಲ. ಬ್ರಿಟಿಷ್ ಅಳತೆಯಲ್ಲಿ ಒಂದು ನಂಬರಿನ ಅಂತರ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್, ಅದು ಒಂದು ಬಾರ್ಲಿ ಕಾಳಿನ ಉದ್ದ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಎಂಟು ಜವೆ ಕಾಳಿನ ಅಗಲ ಒಂದು ಅಂಗುಲ. ಜವೆಯೆಂದರೂ ಬಾರ್ಲಿಯೇ. ಐರೋಪ್ಯ ಅಳತೆಯಲ್ಲಿ ಹೆಜ್ಜೆ 6.67 ಮಿಲಿಮೀಟರ್. ಇವೆರಡೂ ಹೇಳುವುದು ಉದ್ದವನ್ನು ಮಾತ್ರ. ಕಾಲು ಕಚ್ಚಿಸಿಕೊಳ್ಳುವುದು ಸಾಮಾನ್ಯವಾಗಿ ಅಗಲದಲ್ಲಿ.

ನಮ್ಮ ಕಾಲಿನ ಲೆಕ್ಕ ತೆಗೆದದ್ದು ತೀರ ಈಚೆಗೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚಿನವರೆಗೆ ದೇಶದ 79 ಕಡೆ 1,01,880 ಜನರ ಪಾದಗಳನ್ನು ಮೂರು ಆಯಾಮದ ಸ್ಕ್ಯಾನರಿನಲ್ಲಿಟ್ಟು ಅಳೆಯಿತು. ಐರೋಪ್ಯರ, ಅಮೆರಿಕನ್ನರ ಪಾದಕ್ಕಿಂತ ನಮ್ಮದು ಸಾಮಾನ್ಯವಾಗಿ ಅಗಲ ಎಂದು ಕಂಡುಬಂತು. ಅಗಲ ಸಾಲದ್ದಕ್ಕೆ ನಾವು ಉದ್ದದಲ್ಲಿ ಒಂದು ನಂಬರು ದೊಡ್ಡದು ಕೊಳ್ಳುತ್ತೇವೆ, ಆಗ ಹಿಮ್ಮಡಿ ಸಡಿಲವಾಗಿ ಮೇಲೇಳುತ್ತದೆ, ಗುಳ್ಳೆ ಬರುತ್ತದೆ. ಈ ಸಮೀಕ್ಷೆಯ ಆಧಾರದ ಮೇಲೆ ರೂಪಿಸಿದ ಭಾರತೀಯ ಅಳತೆಗೆ ‘ಭಾ’ ಎಂದು ಹೆಸರಿಟ್ಟಿದ್ದಾರೆ.

ಅಂಗಡಿಗೆ ಸಂಜೆ ಹೋಗಿ. ದಿನವಿಡೀ ಓಡಾಡಿದ ಪಾದ ಊದಿರುತ್ತದೆ, ಬೆಟ್ಟದಲ್ಲೂ ಊದುತ್ತದೆ. ಬೆಟ್ಟಕ್ಕೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ. ಎರಡು ಪಾದಗಳು ಅಪರೂಪಕ್ಕೆ ಸಮನಾಗಿರುತ್ತವೆ, ದೊಡ್ಡದಕ್ಕೆ ಸರಿಹೊಂದುವುದನ್ನು ತೆಗೆದುಕೊಳ್ಳಿ. ಒಳಗಿನ ಮೆತ್ತೆಯನ್ನು ಹೊರಗೆಳೆದು ಅದರ ಮೇಲೆ ಬರಿಗಾಲಿಟ್ಟು ನಿಂತರೆ ಪಾದ ಎಲ್ಲಿ ಹೊರಚಾಚುತ್ತದೆಂದು ಕಣ್ಣಿಗೇ ಕಾಣುತ್ತದೆ. ಕೊನೆಯ ಪರೀಕ್ಷೆ ಇಳಿಜಾರಿನದು. ಅಂಗಡಿಯ ಮೆಟ್ಟಿಲನ್ನು ಹತ್ತುವುದಲ್ಲ, ಇಳಿಯಿರಿ. ಬೆರಳು ಮೂತಿಗೆ ಬಡಿಯಬಾರದು, ಮುಂದೆ ಹೆಬ್ಬೆರಳ ಅಗಲದಷ್ಟು ಜಾಗ ಉಳಿಯಬೇಕು. ಕುಮಾರಪರ್ವತದ ತುದಿ 1,712 ಮೀಟರ್. ಅಲ್ಲಿಂದ ಸುಬ್ರಹ್ಮಣ್ಯಕ್ಕೆ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಆಳ ಇಳಿಯಬೇಕು. ಬೆರಳು ಒಂದೇ ಒಂದು ಸಲ ಬಡಿದರೆ ಏನೂ ಇಲ್ಲ. ಹತ್ತು ಸಾವಿರ ಸಲ ಬಡಿದರೆ ಉಗುರು ಕಪ್ಪಾಗುತ್ತದೆ.

ಇಳಿಯುವ ಮುನ್ನ ಲೇಸು ಬಿಚ್ಚಿ ಕಣಕಾಲಿನ ಮಡಿಕೆಯ ಹತ್ತಿರ ಬಿಗಿಯಾಗಿ ಗಂಟು ಹಾಕಿ, ಮೇಲ್ಗಡೆ ಸಡಿಲ ಬಿಟ್ಟರೆ ಹಿಮ್ಮಡಿ ಹಿಂದಕ್ಕೇ ಕೂತಿರುತ್ತದೆ. ಬಿಟ್ಟಿ ಉಪಾಯ, ಆದರೂ ಹೆಚ್ಚಿನವರು ಮಾಡುವುದಿಲ್ಲ.

ಅಟ್ಟೆಯ ಅಪ್ಪ-ಮಗ, ಅಟ್ಟೆಯ ದುರಂತ

ನೂರು ವರ್ಷದ ಹಿಂದೆ ಬೆಟ್ಟದ ಬೂಟೆಂದರೆ ಚರ್ಮದ ಅಟ್ಟೆಗೆ ಕಬ್ಬಿಣದ ಮೊಳೆ ಬಡಿದದ್ದು. 1924ರಲ್ಲಿ ಎವರೆಸ್ಟಿನಲ್ಲಿ ಕಾಣೆಯಾದ ಜಾರ್ಜ್ ಮ್ಯಾಲೊರಿಯ ದೇಹ 1999ರಲ್ಲಿ ಸಿಕ್ಕಾಗ ಕಾಲಲ್ಲಿ ಮೊಳೆ ಬೂಟೇ ಇತ್ತು. ಮೊಳೆ ಮಂಜಿಗೆ, ಹುಲ್ಲಿಗೆ ಕಚ್ಚಿ ಹಿಡಿಯುತ್ತದೆ. ಆದರೆ ಬಂಡೆಯ ಮೇಲೆ ಜಾರುತ್ತದೆ, ಲೋಹವಾದ್ದರಿಂದ ಕಾಲಿನ ಬಿಸಿಯನ್ನೂ ಹೊರಗೆಳೆಯುತ್ತದೆ. ಹಾಗಾಗಿ ಆಲ್ಪ್ಸ್‌ನ ಚಾರಣಿಗರು ಬಂಡೆ ಬಂದಾಗ ಬೂಟು ಕಳಚಿಟ್ಟು ತೆಳು ಅಟ್ಟೆಯ ಹಗುರ ಶೂ ಹಾಕಿಕೊಳ್ಳುತ್ತಿದ್ದರು. 1935ರಲ್ಲಿ ಇಟಲಿಯ ಪುಂತಾ ರಾಸಿಕಾ ಶಿಖರದಲ್ಲಿ ಹೀಗೆ ಹತ್ತಿದ ತಂಡವೊಂದು ಹಿಮಬಿರುಗಾಳಿಗೆ ಸಿಕ್ಕು ಆರು ಜನ ಸತ್ತರು. ಆ ಚಾರಣದಲ್ಲಿದ್ದ ವಿತಾಲೆ ಬ್ರಮಾನಿ ಎಂಬಾತ ಗೆಳೆಯರ ಸಾವಿನ ಬಳಿಕ ಬಂಡೆಗೂ ಮಂಜಿಗೂ ಒಂದೇ ಅಟ್ಟೆ ಮಾಡಲು ಹಟ ಹಿಡಿದ. ಟೈರು ಕಂಪನಿ ಪಿರೆಲ್ಲಿ ಹಣ ಹೂಡಿತು. 1937ರಲ್ಲಿ ದಪ್ಪ ಹಲ್ಲುಗಳ ರಬ್ಬರ್ ಅಟ್ಟೆ ಬಂತು. ಬ್ರಮಾನಿಯ ಹೆಸರಿನ ತುಂಡುಗಳನ್ನೇ ಜೋಡಿಸಿ ‘ವಿಬ್ರಂ’ ಎಂದು ಕರೆದರು. 1954ರಲ್ಲಿ ಕೆ2 ಶಿಖರವನ್ನು ಮೊದಲು ಮೆಟ್ಟಿದ ಇಟಲಿಯವರ ಬೂಟಿನಡಿ ಇದ್ದದ್ದು ಇದೇ. ಇಂದು ಯಾವುದೇ ಚಾರಣದ ಬೂಟನ್ನು ಮಗುಚಿದರೂ ಕಾಣುವ ಹಲ್ಲುಗಳು ಆ ಅಟ್ಟೆಯ ಮೊಮ್ಮಕ್ಕಳು.

ರಬ್ಬರ್ ಎರಡು ರೀತಿಯಲ್ಲಿ ಹಿಡಿಯುತ್ತದೆ. ಮೊದಲನೆಯದು, ಬಂಡೆಯ ಮೈಗೆ ಅಣುಮಟ್ಟದಲ್ಲಿ ಅಂಟುವುದು. ಎರಡನೆಯದು, ಬಂಡೆಯ ಸಣ್ಣ ಮೊನೆಗಳ ಸುತ್ತ ಅಮುಕಿಕೊಂಡು, ಮತ್ತೆ ಮೊದಲಿನಂತಾಗಲು ನಿಧಾನ ಮಾಡುವುದು. ಮೆದು ರಬ್ಬರ್ ಎರಡರಲ್ಲೂ ಮುಂದು, ಆದರೆ ಬೇಗ ಸವೆಯುತ್ತದೆ. ಗಟ್ಟಿ ರಬ್ಬರ್ ವರ್ಷಗಟ್ಟಲೆ ಬಾಳುತ್ತದೆ, ಒದ್ದೆ ಕಲ್ಲಿನ ಮೇಲೆ ಕೈಕೊಡುತ್ತದೆ. ಅಟ್ಟೆಗೆ ಉಗುರು ಊರಿ ನೋಡಿದರೆ ಇದರ ಅಂದಾಜು ಸಿಗುತ್ತದೆ. ಹಲ್ಲುಗಳ ಕೆಲಸ ಕೆಸರಲ್ಲಿ. ನಡುವೆ ಅಗಲವಾದ ಸಂದು ಇದ್ದರೆ ಮಣ್ಣು ತಾನೇ ಉದುರುತ್ತದೆ, ಇಲ್ಲದಿದ್ದರೆ ಹತ್ತು ಹೆಜ್ಜೆಗೆ ಅಟ್ಟೆ ಕಡುಬಾಗುತ್ತದೆ. ಪಾಚಿ ಕಟ್ಟಿದ ಹಳ್ಳದ ಬಂಡೆಯ ಮೇಲೆ ಮಾತ್ರ ಯಾವ ಹಲ್ಲೂ ಸಾಲದು. ರಬ್ಬರಿಗೂ ಕಲ್ಲಿಗೂ ನಡುವೆ ಲೋಳೆಯ ಪದರ ನಿಂತಾಗ ಅಂಟುವುದಕ್ಕೆ ಅಲ್ಲಿ ಕಲ್ಲೇ ಸಿಗುವುದಿಲ್ಲ. ಅಲ್ಲಿ ಒಳ್ಳೆಯ ಬೂಟಿಗಿಂತ ಒಳ್ಳೆಯ ಕೋಲು ಮೇಲು.

ರಬ್ಬರ್ ಬೇಸಿಗೆಗೆ ಕರಗದೆ, ಚಳಿಗೆ ಸಿಡಿಯದೆ ಉಳಿಯುವುದು ಗಂಧಕದ ಕೃಪೆ. ಗಂಧಕ ಬೆರೆಸಿ ಕಾಯಿಸಿದರೆ ರಬ್ಬರಿನ ಉದ್ದ ಸರಪಳಿಗಳ ನಡುವೆ ಸೇತುವೆಗಳು ಕಟ್ಟಿಕೊಳ್ಳುತ್ತವೆ. 1839ರಲ್ಲಿ ಇದನ್ನು ಕಂಡುಕೊಂಡ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಸಾಲಗಾರನಾಗಿಯೇ ಸತ್ತ. ಅದೇ ಹೆಸರಿನ ಅವನ ಮಗ 1870ರ ಆಸುಪಾಸಿನಲ್ಲಿ ಅಟ್ಟೆಯನ್ನು ಬೂಟಿಗೆ ಸುತ್ತಲೂ ಹೊಲಿಯುವ ಯಂತ್ರವನ್ನು ಬಳಕೆಗೆ ತಂದ. ಅಪ್ಪ ಅಟ್ಟೆಗೆ ಬಾಳಿಕೆ ಕೊಟ್ಟ, ಮಗ ಅಟ್ಟೆ ಬದಲಾಯಿಸುವ ದಾರಿ ಕೊಟ್ಟ. ಹೊಲಿದ ಅಟ್ಟೆ ಸವೆದರೆ ಬಿಚ್ಚಿ ಹೊಸದು ಹೊಲಿಯಬಹುದು. ಇಂದಿನ ಹೆಚ್ಚಿನ ಬೂಟುಗಳು ಅಂಟಿಸಿದವು. ಹಗುರ, ಅಗ್ಗ, ಆದರೆ ಅಂಟಿನ ಆಯುಷ್ಯವೇ ಬೂಟಿನ ಆಯುಷ್ಯ.

ಚರ್ಮ, ನೀರು, ತೂಕ

ಹರಳಯ್ಯ-ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಮೆಟ್ಟು ಮಾಡಿದರೆಂಬ ಕತೆ ಕೇಳಿ ಬೆಳೆದವರು ನಾವು. ಚರ್ಮವೆಂದರೆ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ಸಿಕ್ಕು. ಹಸಿ ಚರ್ಮ ಕೊಳೆಯುತ್ತದೆ, ಒಣಗಿಸಿದರೆ ಹಲಗೆಯಾಗುತ್ತದೆ. ಹದ ಮಾಡುವುದೆಂದರೆ ಎಳೆಗಳ ನಡುವೆ ಬೆಸುಗೆ ಹಾಕುವುದು. ಜಾಲಿ ತೊಗಟೆ, ಅಳಲೆಕಾಯಿಗಳ ಒಗರು ಇದನ್ನು ವಾರಗಟ್ಟಲೆ ತೆಗೆದುಕೊಂಡು ಮಾಡುತ್ತದೆ. ಅಥಣಿ, ನಿಪ್ಪಾಣಿಯ ಕಡೆ ಕೊಲ್ಹಾಪುರಿ ಚಪ್ಪಲಿಗೆ ಇಂದಿಗೂ ಇಂಥದೇ ಚರ್ಮ. 2019ರಲ್ಲಿ ಆ ಚಪ್ಪಲಿಗೆ ಸಿಕ್ಕ ಭೌಗೋಳಿಕ ಸೂಚಿಯಲ್ಲಿ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿವೆ. ಬೂಟಿನ ಚರ್ಮ ಮಾತ್ರ ಬಹುಪಾಲು ಕ್ರೋಮಿಯಂ ಲವಣದಲ್ಲಿ ಹದವಾದದ್ದು. ಬೇಗ ಆಗುತ್ತದೆ, ಮೆದುವಾಗಿರುತ್ತದೆ, ನೀರಿಗೆ ಹೆಚ್ಚು ತಾಳುತ್ತದೆ.

ಕೊಳ್ಳುವಾಗ ನೋಡಬೇಕಾದದ್ದು ತೊಗಲಿನ ಮೇಲ್ಪದರ ಉಳಿದಿದೆಯೇ ಎಂದು. ಎಳೆಗಳು ಅಲ್ಲೇ ಒತ್ತೊತ್ತಾಗಿ ಹೆಣೆದಿರುವುದು. ಮಡಚಿದಾಗ ನವಿರಾದ ಸುಕ್ಕು ಕಂಡರೆ, ರೋಮರಂಧ್ರಗಳ ಗುರುತಿದ್ದರೆ ಅದು ಮೇಲ್ಪದರ. ಪ್ಲಾಸ್ಟಿಕ್ಕಿನಂತೆ ಒಂದೇ ಸಮ ಹೊಳೆಯುತ್ತಿದ್ದರೆ ಕೆಳಪದರಕ್ಕೆ ಬಣ್ಣದ ಲೇಪ ಬಳಿದಿರಬಹುದು. ಆ ಲೇಪ ಮಡಿಕೆಯಲ್ಲಿ ಸೀಳುತ್ತದೆ.

‘ನೀರು ಒಳಬರುವುದಿಲ್ಲ, ಬೆವರು ಹೊರಹೋಗುತ್ತದೆ’ ಎಂಬ ಜಾಹೀರಾತಿನ ಹಿಂದೆ ನಿಜವಾದ ವಿಜ್ಞಾನವಿದೆ. 1969ರಲ್ಲಿ ರಾಬರ್ಟ್ ಗೋರ್ ಕಾದ ಟೆಫ್ಲಾನ್ ಕಡ್ಡಿಯನ್ನು ರಪ್ಪನೆ ಎಳೆದಾಗ ಅದು ತುಂಡಾಗದೆ ಹಿಗ್ಗಿ ಸೂಕ್ಷ್ಮ ರಂಧ್ರಗಳ ಜಾಲವಾಯಿತು. ನೀರಿನ ಹನಿ ನುಸುಳಲಾರದಷ್ಟು ಚಿಕ್ಕ, ಆವಿಯ ಅಣು ಸರಾಗವಾಗಿ ಹೋಗುವಷ್ಟು ದೊಡ್ಡ ರಂಧ್ರಗಳು. ಇಂಥ ಬೂಟಿನೊಳಗೆ ಹೊದಿಸುವುದು ಇದರ ತೆಳು ಪೊರೆಯನ್ನೇ. ಆದರೆ ಆವಿ ಹೊರಡಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿರಬೇಕು. ಲಡಾಖಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಜುಲೈನ ಆಗುಂಬೆಯಲ್ಲಿ ಹೊರಗೂ ತೇವ, ಒಳಗೂ ತೇವ; ಆವಿ ಯಾವ ಊರಿಗೆ ಹೋಗಬೇಕು? ಮೇಲಾಗಿ ಮಲೆನಾಡಿನ ಮಳೆ ಬೂಟಿನ ಬಾಯಿಂದಲೇ ಇಳಿಯುತ್ತದೆ, ಒಮ್ಮೆ ಒಳಸೇರಿದ ನೀರನ್ನು ಅದೇ ಪೊರೆ ಹೊರಗೆ ಬಿಡುವುದಿಲ್ಲ. ಮಳೆಗಾಲದ ಕಾಡಿಗೆ ನೀರು ಬೇಗ ಬಸಿದು ಬೇಗ ಒಣಗುವ ಬಲೆಬಟ್ಟೆಯ ಶೂ ವಾಸಿ. ತೋಟದವರ ಗಂಬೂಟಂತೂ ಈ ತರ್ಕವನ್ನೆಲ್ಲ ಬದಿಗಿಟ್ಟು ನೀರು, ಉಂಬಳ ಎರಡನ್ನೂ ಹೊರಗಿಡುತ್ತದೆ. ಬೆವರು ಮಾತ್ರ ಒಳಗೇ.

ಇನ್ನು ತೂಕ. ಹೋಗಿಬರಲು 25 ಕಿಲೋಮೀಟರಿನ ಆಸುಪಾಸಿನ ಚಾರಣದಲ್ಲಿ ಸುಮಾರು 40,000 ಹೆಜ್ಜೆ. ಅಂದರೆ ಒಂದೊಂದು ಬೂಟನ್ನೂ 20,000 ಸಲ ಎತ್ತುತ್ತೇವೆ. ಒಂದೊಂದು ಬೂಟು 200 ಗ್ರಾಂ ಹೆಚ್ಚು ತೂಗಿದರೆ ಎರಡೂ ಕಾಲು ಸೇರಿ ದಿನಕ್ಕೆ 8 ಟನ್ ಹೆಚ್ಚುವರಿ ಎತ್ತಾಟ. ಬೆನ್ನ ಮೇಲಿನ ಹೊರೆ ಮೈಯೊಂದಿಗೆ ಸಮವಾಗಿ ಸಾಗುತ್ತದೆ. ಕಾಲಿನ ಹೊರೆಯನ್ನು ಹೆಜ್ಜೆಹೆಜ್ಜೆಗೂ ಎತ್ತಿ, ಬೀಸಿ, ನಿಲ್ಲಿಸಬೇಕು. ಅದಕ್ಕೇ ಕಾಲಿನ ಒಂದು ಕೆಜಿ ಬೆನ್ನಿನ ಐದಾರು ಕೆಜಿಗೆ ಸಮ ಎಂದು ಸೈನಿಕರ ಮೇಲಿನ ಪ್ರಯೋಗಗಳು ಹೇಳುವುದು. ಎತ್ತರದ ಕತ್ತಿನ ಭಾರದ ಬೂಟು ಕಣಕಾಲು ಉಳುಕದಂತೆ ಕಾಯುತ್ತದೆ ಎಂಬ ನಂಬಿಕೆಗೂ ಗಟ್ಟಿ ಆಧಾರವಿಲ್ಲ. 1993ರಲ್ಲಿ ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಆಟಗಾರರಿಗೆ ಎತ್ತರದ ಮತ್ತು ಗಿಡ್ಡ ಕತ್ತಿನ ಶೂ ಹಂಚಿ ಲೆಕ್ಕ ಇಟ್ಟಾಗ ಉಳುಕಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಎತ್ತರದ ಕತ್ತು ಕಲ್ಲು, ಮುಳ್ಳು, ಕೆಸರು ತಡೆಯುತ್ತದೆ. ಅದಕ್ಕಾಗಿ ಕೊಳ್ಳಿ, ಉಳುಕಿನ ವಿಮೆಯೆಂದಲ್ಲ.

ಸವೆದದ್ದಲ್ಲ, ಕೊಳೆತದ್ದು

ಗೋಣಿದಾರದ ಬೂಟನ್ನು ಬೆಂಗಳೂರಿಗೆ ತಂದು, ನಮ್ಮ ಬಸ್ ನಿಲ್ದಾಣದ ಪಕ್ಕದ ಮರದಡಿ ಕೂರುವ ಚಮ್ಮಾರರ ಮುಂದಿಟ್ಟೆ. ಅವರು ದಾರ ಕತ್ತರಿಸಿ, ಉದುರುವ ಪದರವನ್ನು ಚಿಟಿಕೆಯಲ್ಲಿ ಹಿಸುಕಿದರು. ಬೆರಳಿಗೆ ಜಿಗುಟು ಅಂಟಿತು. “ಇದು ಸವೆದಿದ್ದಲ್ಲ ಸಾರ್, ಕೊಳೆತಿದ್ದು. ಮುಚ್ಚಿಟ್ಟಿದ್ರಾ?” ಎಂದರು. ಪ್ರಯೋಗಾಲಯವೂ ಇದಕ್ಕಿಂತ ಚೆನ್ನಾಗಿ ಹೇಳುತ್ತಿರಲಿಲ್ಲ.

ಆ ಮೆತ್ತನೆಯ ನಡುಪದರ ಪಾಲಿಯುರಿಥೇನ್ ಎಂಬ ನೊರೆ ಪ್ಲಾಸ್ಟಿಕ್. ಗಟ್ಟಿ ಬೂಟುಗಳಿಗೆ ಇದೇ ಪ್ರಿಯ, ಏಕೆಂದರೆ ಸಾವಿರಾರು ಕಿಲೋಮೀಟರ್ ತುಳಿದರೂ ಚಪ್ಪಟೆಯಾಗುವುದಿಲ್ಲ. ಅದರ ಸಾಮಾನ್ಯ ಬಗೆಯಲ್ಲಿ ಅಣುಸರಪಳಿಯ ಕೊಂಡಿಗಳು ಎಸ್ಟರ್ ಎಂಬ ಜಾತಿಯವು. ಆಮ್ಲ, ಆಲ್ಕೊಹಾಲ್ ಸೇರಿ ನೀರನ್ನು ಹೊರಹಾಕಿ ಎಸ್ಟರ್ ಆಗುತ್ತದೆ. ನೀರು ಮರಳಿ ಬಂದರೆ ಕೊಂಡಿ ಬಿಚ್ಚಿ ಮತ್ತೆ ಆಮ್ಲ, ಆಲ್ಕೊಹಾಲ್ ಆಗುತ್ತದೆ. ಇದಕ್ಕೆ ಮಳೆ ಬೇಕಿಲ್ಲ, ಗಾಳಿಯ ತೇವ ಸಾಕು. ಬಿಡುಗಡೆಯಾದ ಆಮ್ಲ ಪಕ್ಕದ ಕೊಂಡಿ ಬಿಚ್ಚುವುದನ್ನೂ ಚುರುಕುಗೊಳಿಸುತ್ತದೆ. ವರ್ಷಗಟ್ಟಲೆ ಏನೂ ಕಾಣುವುದಿಲ್ಲ, ಆಮೇಲೆ ಒಂದೇ ಬೆಟ್ಟದಲ್ಲಿ ಎಲ್ಲ ಮುಗಿಯುತ್ತದೆ. ಸೆಕೆ, ತೇವ ಎರಡೂ ಇರುವ ಕಡೆ ಇನ್ನೂ ಬೇಗ. ನಾನು ಬೂಟಿಗೆ ಸುತ್ತಿದ ಪ್ಲಾಸ್ಟಿಕ್ ಚೀಲ ತೇವವನ್ನು ಒಳಗೇ ಕೂಡಿಹಾಕಿತ್ತು. ಮದುವೆ ಸೀರೆಯನ್ನಾದರೂ ವರ್ಷಕ್ಕೊಮ್ಮೆ ಗಾಳಿಗೆ ಹರವುತ್ತೇವೆ. ಬೂಟಿಗೆ ಅದನ್ನೂ ಮಾಡಿರಲಿಲ್ಲ.

ಓಟದ ಶೂಗಳಲ್ಲಿರುವ ಇವಿಎ ಎಂಬ ಇನ್ನೊಂದು ನೊರೆ ಹೀಗೆ ಕೊಳೆಯುವುದಿಲ್ಲ. ಹಗುರ ಕೂಡ. ಆದರೆ ತುಳಿದಂತೆಲ್ಲ ಅದರ ಗಾಳಿಗುಳ್ಳೆಗಳು ಚಪ್ಪಟೆಯಾಗಿ ಮೆತ್ತನೆ ಗುಣ ಹೋಗುತ್ತದೆ. ಒಂದು ತುಳಿದರೆ ಸಾಯುತ್ತದೆ, ಇನ್ನೊಂದು ತುಳಿಯದಿದ್ದರೂ ಸಾಯುತ್ತದೆ.

ಇಲ್ಲಿಗೆ ಪರೀಕ್ಷೆ ಮುಗಿಯಿತು. ನಾನು ಬೂಟನ್ನು ಒಡವೆಯೆಂದುಕೊಂಡಿದ್ದೆ. ಅದು ಹಾಲಿನ ಪೊಟ್ಟಣದಂತೆ, ತಾರೀಕು ಇರುವ ಸಾಮಾನು. ಬೆಟ್ಟಕ್ಕೊಂದು, ದಿನಬಳಕೆಗೊಂದು ಎಂದು ಎರಡು ಬೂಟು ಕೊಂಡರೆ ವರ್ಷಕ್ಕೊಮ್ಮೆ ಬೆಟ್ಟ ಹತ್ತುವವರ ಒಂದು ಬೂಟು ಕಪಾಟಿನಲ್ಲೇ ಕೊಳೆಯುತ್ತದೆ. ಹಿಮಾಲಯಕ್ಕೆ ಹೋಗುವವರ ಲೆಕ್ಕ ಬೇರೆ. ನನ್ನಂಥವರಿಗೆ, ಬೆಟ್ಟಕ್ಕೆ ಸಾಕಾಗುವಷ್ಟು ಗಟ್ಟಿಯಾದ, ದಿನಾ ಹಾಕಲು ಬೇಸರವಾಗದಷ್ಟು ಹಗುರವಾದ ಒಂದೇ ಜೊತೆ ಸಾಕು. ಸವೆದು ಮುಗಿದರೆ ಕೊಟ್ಟ ಹಣಕ್ಕೆ ನ್ಯಾಯ ಸಿಕ್ಕಿತೆಂದು ಲೆಕ್ಕ.

ಹಾಗೇ ಮಾಡಿದೆ. ಒಂದು ಸಂಜೆ, ಊದಿದ ಕಾಲಲ್ಲಿ, ಉಣ್ಣೆಯ ಕಾಲುಚೀಲ ಹಾಕಿಕೊಂಡು ಹೋಗಿ, ಅಂಗಡಿಯ ಮೆಟ್ಟಿಲನ್ನು ಆರು ಸಲ ಇಳಿದು, ಬೂಟಿನ ನಾಲಿಗೆಯ ಒಳಗಿನ ಚೀಟಿಯಲ್ಲಿ ತಯಾರಾದ ತಿಂಗಳು ಹುಡುಕಿ ಕೊಂಡೆ. ಅರ್ಧ ಬೆಲೆಗೆ ಸಿಗುತ್ತಿದ್ದ ಇನ್ನೊಂದು ಜೊತೆಯ ಚೀಟಿ ಅದಕ್ಕಾಗಲೇ ನಾಲ್ಕು ವರ್ಷವೆಂದಿತು, ಅಲ್ಲೇ ಬಿಟ್ಟೆ. ಹೊಸ ಬೂಟು ಈಗ ಆಫೀಸಿಗೂ ಬರುತ್ತದೆ, ತರಕಾರಿಗೂ ಬರುತ್ತದೆ. ಒದ್ದೆಯಾದ ದಿನ ಒಳಮೆತ್ತೆ ತೆಗೆದು, ಹಳೆಯ ಪತ್ರಿಕೆ ತುರುಕಿ, ನೆರಳಲ್ಲಿ ಒಣಗಿಸುತ್ತೇನೆ. ಪ್ಲಾಸ್ಟಿಕ್ ಚೀಲದ ಸುದ್ದಿಗೆ ಹೋಗುವುದಿಲ್ಲ.

ಹಳೆಯ ಬೂಟಿನ ಚರ್ಮ ಮಾತ್ರ ಗಟ್ಟಿಯಾಗಿಯೇ ಇತ್ತು. ಚಮ್ಮಾರರು ಕೊಳೆತ ಪದರವನ್ನೆಲ್ಲ ಕೆರೆದು, ಟೈರಿನ ರಬ್ಬರಿನ ಅಟ್ಟೆಯೊಂದನ್ನು ಸುತ್ತಲೂ ಹೊಲಿದುಕೊಟ್ಟರು. ಭಾರವಾಗಿದೆ, ತೋಟದ ಕೆಲಸಕ್ಕೆ ಸರಿ. ಮೊನ್ನೆ ಹೊಸ ಬೂಟನ್ನು ಪಾಲಿಶ್‌ಗೆ ಕೊಟ್ಟಾಗ ಅವರು ಅದನ್ನು ಮಗುಚಿ ಹಿಮ್ಮಡಿಯ ಹೊರ ಅಂಚಿಗೆ ಹೆಬ್ಬೆರಳು ಸವರಿದರು. ಅಲ್ಲಿ ಎರಡು ಮಿಲಿಮೀಟರಿನಷ್ಟು ಸವೆದಿದೆ.

“ಇನ್ನೊಂದು ವರ್ಷ ಓಡುತ್ತೆ ಸಾರ್,” ಎಂದರು. “ಆಮೇಲೆ ತನ್ನಿ.”